ಮಾರಲಾಗದ ಪೆನ್ನು

ಬಿ.ಕಾಂ. ಕೊನೆಯ ವರ್ಷದಲ್ಲಿ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಮಲ್ಲೇಶ್ವರದಲ್ಲಿ ಅಮ್ಮನ ತರಕಾರಿ ಅಂಗಡಿ, ಆಮೇಲೆ ಶೇಷಾದ್ರಿಪುರಂನಲ್ಲಿ ಕಾಲೇಜು, ಮಧ್ಯಾಹ್ನದ ಮೇಲೆ ಒಬ್ಬ ಆಡಿಟರರ ಆಫೀಸಿನಲ್ಲಿ ಪುಕ್ಕಟೆ ಚಾಕರಿ. ಅದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ಅಂಗಡಿಗೆ ಬಂದವರೆಲ್ಲ ಬೆಂಡೆಕಾಯಿಯ ತುದಿ ಮುರಿಯುತ್ತ, "ಓದು ಮುಗೀತಾ ಬಂತಲ್ಲ, ಮುಂದೇನಮ್ಮ?" ಎಂದು ಕೇಳುವವರೇ. ಮುರಿದ ಬೆಂಡೆಕಾಯಿಯನ್ನು ಮಾತ್ರ ಯಾರೂ ಕೊಳ್ಳುತ್ತಿರಲಿಲ್ಲ.

ಇಷ್ಟು ಸಾಲದೆಂದು ಕಾಲೇಜಿನವರು ಪ್ಲೇಸ್‌ಮೆಂಟ್ ಟ್ರೈನಿಂಗ್ ಬೇರೆ ಇಟ್ಟರು. ಟೈ ಕಟ್ಟಿಕೊಂಡ ಮಹಾಶಯನೊಬ್ಬ ಬಂದು ಕೈ ಕುಲುಕುವುದನ್ನು ಕಲಿಸಿದ. ಎತ್ತರಕ್ಕೆ ಬೆಳೆದ ಕತ್ತೆಗಳೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. "ನಿಮ್ಮ ವೀಕ್‌ನೆಸ್ ಏನು ಅಂತ ಕೇಳಿದ್ರೆ, ನಾನು ಜಾಸ್ತಿ ಕೆಲ್ಸ ಮಾಡ್ತೀನಿ ಅನ್ನಿ" ಎಂದ. ಎಲ್ಲರೂ ಬರೆದುಕೊಂಡರು. ಥೂ, ಇದನ್ನೂ ಬರೆದುಕೊಳ್ಳಬೇಕೆ!

ಆದರೂ ನನಗೊಂದು ಕೆಲಸ ಬೇಕೇ ಬೇಕಿತ್ತು. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ಮೂಟೆ ಎಳೆಯುವಾಗ ಅವಳು ಹಲ್ಲು ಕಚ್ಚುವುದು ನನಗೆ ಕಾಣುತ್ತಿತ್ತು. "ನೀನು ಕೆಲ್ಸಕ್ಕೆ ಸೇರ್ಕೋ, ಮಾರನೇ ದಿನಾನೇ ಅಂಗಡಿ ಬಾಗ್ಲು ಹಾಕ್ಬಿಡ್ತೀನಿ" ಎನ್ನುತ್ತಿದ್ದಳು.

ಇಂಟರ್ವ್ಯೂಗೆ ಬಂದದ್ದು ಇನ್ಶೂರೆನ್ಸ್ ಮಾರುವ ಕಂಪನಿ. ಎದುರು ಕೂತವನು ನನಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದಾನು. ಕತ್ತಿನಲ್ಲಿ ಐಡಿ ಕಾರ್ಡು, ಮುಖದಲ್ಲಿ ಊರಿಗೆಲ್ಲ ಅನ್ನ ಹಾಕುವವನ ಗತ್ತು. ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟು, "ಇದನ್ನ ನನಗೆ ಮಾರಿ, ನೋಡೋಣ" ಎಂದ. ನನಗಿಂತ ಮೊದಲು ಒಳಗೆ ಹೋದ ಗೆಳತಿ ಅದೇ ಪೆನ್ನನ್ನು ಹೊಗಳಿ ಅಟ್ಟಕ್ಕೇರಿಸಿ ಬಂದಿದ್ದಳು. ನಾಚಿಕೆಗೆಟ್ಟವಳು ಎಂದುಕೊಂಡಿದ್ದೆ.

ನಮ್ಮ ಅಂಗಡಿಯ ರೀತಿಯೇ ಬೇರೆ. ಟೊಮೆಟೊ ಮೆತ್ತಗಾಗಿದ್ದರೆ ಅಮ್ಮ ತಾನಾಗಿಯೇ, "ಇವತ್ತು ತಗೋಬೇಡಿ ಅಕ್ಕ, ನಾಳೆ ಹೊಸ ಮಾಲು ಬರುತ್ತೆ" ಎನ್ನುತ್ತಾಳೆ. ಅದನ್ನೇ ಕೇಳಿ ಬೆಳೆದವಳು ನಾನು. ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಗೀಚಿ ನೋಡಿದೆ. ಮಧ್ಯೆ ಮಧ್ಯೆ ಇಂಕು ನಿಲ್ಲುತ್ತಿತ್ತು.

"ಇದು ಬೇಡ ಸರ್, ಸರಿಯಾಗಿ ಬರೀತಿಲ್ಲ. ನಾಳೆ ಬನ್ನಿ, ಒಳ್ಳೇದು ಕೊಡ್ತೀನಿ" ಎಂದೆ.

ಅವನು ನಕ್ಕ. "ನಾಳೆ ನಾನು ಇಲ್ಲಿರಲ್ಲ ಮೇಡಂ."

ಸಂಜೆ ಆಯ್ಕೆಯಾದವರನ್ನು ಕೂಗಿ ಕರೆದರು. ಗೆಳತಿಯನ್ನು ಕರೆದರು, ನನ್ನನ್ನು ಕರೆಯಲಿಲ್ಲ. "ಬೇಜಾರ್ ಮಾಡ್ಕೋಬೇಡ್ವೇ" ಎಂದು ಅವಳು ನನ್ನ ಕೈ ಕುಲುಕಿದಳು, ಅದೂ ಕಲಿಸಿದ ಹಾಗೆಯೇ. ನನಗೆ ಮೈಯೆಲ್ಲ ಉರಿದುಹೋಯಿತು.

ಅಂಗಡಿಗೆ ಬಂದಾಗ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲರನ್ನೂ ಉಗಿದು ಉಪ್ಪಿನಕಾಯಿ ಹಾಕಿದೆ. ಕೊನೆಗೆ ಪೆನ್ನಿನ ಕಥೆಯನ್ನು ಜಂಬದಿಂದಲೇ ಹೇಳಿದೆ. ಭೇಷ್ ಅನ್ನುತ್ತಾಳೆಂದು ಕಾದೆ.

"ಅಯ್ಯೋ ಪೆದ್ದಿ! ಅವ್ನೇನು ದಿನಾ ಬರೋ ಗಿರಾಕಿನಾ?" ಎಂದಳು ಅಮ್ಮ. "ನಾಳೆನೂ ಬರೋರಿಗೆ ಕಣೇ ನಾನು ಹಂಗನ್ನೋದು. ದಾರೀಲಿ ಹೋಗೋರ ಚೀಲಕ್ಕೆ ಮೆತ್ತಗಿರೋದನ್ನೇ ಮೊದ್ಲು ಹಾಕ್ತೀನಿ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೀಯ, ನೋಡಿಲ್ವಾ?"

ನೋಡಿರಲಿಲ್ಲ. ಊರವರನ್ನೆಲ್ಲ ಬೈದು ಬಂದವಳು ಅವಳ ಮುಂದಿದ್ದ ಅವರೆಕಾಯಿಯನ್ನು ನನ್ನತ್ತ ಎಳೆದುಕೊಂಡು ಬಿಡಿಸತೊಡಗಿದೆ.

ಅವಳು ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ತರಕಾರಿ ಕಳಿಸುವ ಮಂಡಿಯವರಿಗೆ ಫೋನ್ ಮಾಡಿದಳು.

"ಅಣ್ಣಾ, ಬರೋ ತಿಂಗ್ಳಿಂದ ಮಾಲು ಬೇಡ ಅಂದಿದ್ನಲ್ಲ, ನಿಲ್ಲಿಸ್ಬೇಡಿ. ಕಳಿಸ್ತಾ ಇರಿ."

ಬೇಡವೆಂದು ಅವಳು ಆಗಲೇ ಹೇಳಿಬಿಟ್ಟಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.