ಗೇಟಿನ ಫಕೀರಪ್ಪನ ಮೀಸೆ

ಗದಗಿನ ರತ್ನಪ್ರಭಾ ಟಾಕೀಸಿನ ಗೇಟಿನಲ್ಲಿ ಮೂವತ್ತು ವರ್ಷ ನಿಂತವನು ಫಕೀರಪ್ಪ. ಆಳು ಆರಡಿ, ಮೀಸೆ ಗೇಣುದ್ದ. ಅವನು ಬ್ಯಾಟರಿ ಬೆಳಕು ಬಿಟ್ಟರೆ ಸಾಕು, ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿದವರು ತೆಪ್ಪಗೆ ಇಳಿಸುತ್ತಿದ್ದರು. ಅಂಥವನಿಗೆ ರಕ್ತ ಕಂಡರೆ ಕೈಕಾಲು ತಣ್ಣಗಾಗುತ್ತಿದ್ದವು. ಮನೆಯಲ್ಲಿ ಕೋಳಿ ಕೊಯ್ಯುವ ದಿನ ಹನುಮಪ್ಪನ ಗುಡಿಕಟ್ಟೆಯ ದಾರಿ ಹಿಡಿಯುತ್ತಿದ್ದ. ಗುಟ್ಟು ಗೊತ್ತಿದ್ದದ್ದು ಹೆಂಡತಿ ನಿಂಗವ್ವ ಒಬ್ಬಳಿಗೇ. ಪರದೆಯ ಮೇಲೆ ಮಚ್ಚು ಎದ್ದೊಡನೆ ಕಣ್ಣು ಮುಚ್ಚಿಕೊಂಡು, ಸೀಟಿಯ ಜೋರು ಕೇಳಿಯೇ "ಈ ಪಿಚ್ಚರ್ ನೂರು ದಿನ ಓಡತೈತಿ" ಎಂದುಬಿಡುತ್ತಿದ್ದ. ಅವನ ಮಾತು ಸುಳ್ಳಾದದ್ದು ಕಡಿಮೆ.

ಆ ಶುಕ್ರವಾರದ ಚಿತ್ರದಲ್ಲಿ ನಾಯಕ ಇಂಟರ್ವಲ್ಲಿಗೆ ಮೊದಲೇ ಅರವತ್ತು ಜನರನ್ನು ಕಡಿದಿದ್ದ. ಒಂದೊಂದು ತಲೆ ಉರುಳಿದಾಗಲೂ ಕಾಗದದ ಚೂರು ಹಾರಿದವು, ಬಾಲ್ಕನಿಯವರೂ ಕುರ್ಚಿ ಹತ್ತಿ ಕುಣಿದರು. ಬೆಳಗಿನ ಆಟ ಬಿಟ್ಟ ಮೇಲೆ ಅಭಿಮಾನಿ ಸಂಘದ ಅಧ್ಯಕ್ಷ ಮೈಲಾರಿ ಒಂದು ಹೋತವನ್ನು ಎಳೆದು ತಂದ. ನಾಯಕನ ಕಟೌಟಿನ ಮುಂದೆ ಬಲಿ ಕೊಡಬೇಕಂತೆ.

"ಫಕೀರಪ್ಪಕಾಕಾ, ಇಂಥಾ ಮೀಸಿ ಊರಾಗ ಮತ್ತ್ಯಾರಿಗೈತಿ? ಒಂದ ಏಟ ಹಾಕ್ರಿ!" ಎಂದು ಮಚ್ಚು ಕೈಗಿತ್ತ.

ಮೊಬೈಲುಗಳು ಎದ್ದವು. ಫಕೀರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೊಡೆದರೆ ಹೋತಕ್ಕಿಂತ ಮೊದಲು ತಾನೇ ಬೀಳುವುದು ಖಂಡಿತ. ಹೊಡೆಯದಿದ್ದರೆ ಮೂವತ್ತು ವರ್ಷದ ಮರ್ಯಾದೆ ಮಣ್ಣುಪಾಲು. ನಾಳೆ ಈ ಗೇಟಿನಲ್ಲಿ ತನಗೆ ಯಾರು ಹೆದರುತ್ತಾರೆ?

"ಹೋತ ತಂದಾಂವ ನೀನ. ಮೊದಲ್ನೇ ಏಟ ನಿಂದ," ಎಂದ.

ಮೈಲಾರಿ ಹಲ್ಲು ಕಿರಿದು ಗೆಳೆಯನ ಕಡೆ ತಿರುಗಿದ. "ಸಂಕಪ್ಪಾ, ನೀ ಹೊಡಿಯಲೇ."

"ನಂದು ಶುಕ್ರವಾರದ ಒಪ್ಪತ್ತೈತಿ."

"ಮುಂಜಾನೆ ಮೂರು ತತ್ತಿ ತಿಂದಿ ಅಲ್ಲಲೇ!"

ಅರವತ್ತು ತಲೆಗೆ ಸೀಟಿ ಹೊಡೆದ ಗಂಡುಗಲಿಗಳು ಒಬ್ಬರ ಹಿಂದೊಬ್ಬರು ಸರಿದರು. ಹೋತ ಮಾತ್ರ ಯಾವ ಚಿಂತೆಯೂ ಇಲ್ಲದೆ ನಾಯಕನ ಕಾಲಬುಡದ ಚೆಂಡುಹೂವಿನ ಹಾರ ಮೇಯುತ್ತಿತ್ತು.

ಅದನ್ನು ಕಂಡು ಫಕೀರಪ್ಪನಿಗೆ ನಗು ಬಂತು, ನಗುವಿನ ಹಿಂದೆಯೇ ಧೈರ್ಯವೂ ಬಂತು. ಮಚ್ಚನ್ನು ನೆಲಕ್ಕಿಟ್ಟ.

"ನನಗ ರಕ್ತ ಕಂಡ್ರ ತಲಿ ತಿರಗತೈತ್ರಪಾ. ಮೂವತ್ತು ವರ್ಷದಾಗ ಒಂದ ಫೈಟ್ ಸೈತ ನೋಡಿಲ್ಲ ನಾ."

ಯಾರೂ ನಗಲಿಲ್ಲ. ಮೈಲಾರಿ ಹೋತದ ಹಗ್ಗ ಹಿಡಿದುಕೊಂಡು ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಮೆಲ್ಲಗೆ ಕೇಳಿದ:

"ಕಾಕಾ, ಸಂಜಿ ಆಟಕ್ಕ ನಿಮ್ಮ ಬಾಜೂಕ ನಿಂದರ್ಲೇನು? ಕಣ್ಣ ಯಾವಾಗ ಮುಚ್ಚಬೇಕು, ಹೇಳ್ರಿ."