ಬಾಡಿಗೆಯ ಬಯಲು

ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಅಂಗಡಿಗೆ ಸ್ವೆಟರ್ ಕೇಳಿಕೊಂಡು ಹೋದವಳು ನಾನೊಬ್ಬಳೇ ಇರಬೇಕು. ಅಂಗಡಿಯವನು ಫ್ಯಾನಿನ ಕೆಳಗೆ ಕೂತು, ಅದೂ ಸಾಲದೆ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. "ಯಾಕ್ರೀ ಮೇಡಂ, ಜ್ವರ ಬಂದಾವೇನ್ರಿ?" ಎಂದು ಕಾಳಜಿಯಿಂದಲೇ ಕೇಳಿದ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ, ಅದರಲ್ಲೂ ಆ ಬಿಸಿಲಿನಲ್ಲಿ. ಮನೆಮಂದಿಯೆಲ್ಲ ಕಾರಿನಲ್ಲಿ ಹಿಮಾಚಲಕ್ಕೆ ಹೊರಟಿದ್ದೇವೆ, ಅಲ್ಲಿ ಹೊಳೆ ದಂಡೆಯ ಮೇಲೆ ಡೇರೆಯಲ್ಲಿ ಇರುತ್ತೇವೆ ಎಂದೆ. ಅವನು ಅಟ್ಟದ ಮೇಲಿನ ಗಂಟು ಇಳಿಸುತ್ತ, "ಇಷ್ಟ್ ಛಲೋ ಮನಿ ಇಟಗೊಂಡು ಡೇರೇದಾಗ ಯಾಕ್ರೀ?" ಎಂದ.

ಅವ್ವನೂ ಅದನ್ನೇ ಕೇಳುತ್ತಾಳೆಂದು ಗೊತ್ತಿತ್ತು. ಅದಕ್ಕೇ ಅವಳಿಗೆ ಇನ್ನೂ ಹೇಳಿರಲಿಲ್ಲ.

ಹೋಗುವ ಯೋಚನೆ ನನ್ನದೇ. ನಾನು ಇಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ನಮ್ಮ ಮನೆಯವರು ಮಾನ್ವಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಬೇಸಿಗೆ ರಜೆ ಬಂದಿತ್ತು, ಮಗಳ ಪರೀಕ್ಷೆಗಳೂ ಮುಗಿದಿದ್ದವು. ಊಟವಾದ ಮೇಲೆ ಮೂವರೂ ಫೋನಿನ ನಕ್ಷೆಯ ಮೇಲೆ ಬೆರಳಾಡಿಸುತ್ತ ಹೈದರಾಬಾದು, ನಾಗಪುರ, ಝಾನ್ಸಿ ಎಂದು ಮೇಲಕ್ಕೆ ಹೋಗುತ್ತಿದ್ದೆವು. ಅವರಿಗೆ ಕಾರಿನ ಟೈರಿನ ಚಿಂತೆ, ಮಗಳಿಗೆ ನಾವು ಮುಟ್ಟುವುದರೊಳಗೆ ಹಿಮ ಕರಗಿಬಿಡುತ್ತದೋ ಎಂಬ ಚಿಂತೆ. ಡೇರೆ ತಂದು ಮಾಳಿಗೆಯ ಮೇಲೆ ಹಾಕಿ ನೋಡಿದೆವು. ಒಳಗೆ ಹೊಕ್ಕವರು ಬೆವೆತು ತೊಪ್ಪೆಯಾಗಿ ಹೊರಬಂದರು. ನನಗೆ ಮಾತ್ರ ಅವ್ವನದೇ ಚಿಂತೆ. ಅವಳ ಮೊಣಕಾಲು ದಿನದಿನಕ್ಕೆ ಹಟ ಹಿಡಿಯುತ್ತಿತ್ತು. ಈಗ ನಿಧಾನಕ್ಕೆ ಕರೆದುಕೊಂಡು ಹೋಗಬಹುದು, ಮುಂದಿನ ವರ್ಷದ ಮಾತು ನಾನು ಹೇಳಲಾರೆ ಎಂದಿದ್ದರು ಡಾಕ್ಟರು. ಅವ್ವ ಬರದಿದ್ದರೆ ನನಗೆ ಆ ಪ್ರವಾಸವೇ ಬೇಡವಾಗಿತ್ತು.

ನಮ್ಮದು ಕುರಿ ಕಾಯುವ ಮನೆತನ. ಸುಗ್ಗಿ ಮುಗಿದರೆ ಅಪ್ಪ ಅವ್ವ ದೇವದುರ್ಗದ ಕಡೆಯ ನಮ್ಮ ಊರು ಬಿಟ್ಟು, ಕುರಿ ಹೊಡೆದುಕೊಂಡು, ಮಾನ್ವಿಯ ನೀರಾವರಿ ಗದ್ದೆಗಳತ್ತ ಹೊರಡುತ್ತಿದ್ದರು. ಎಳೆಯ ತಮ್ಮ ಅವರ ಜೊತೆ, ನಾನು ಹಾಸ್ಟೆಲಿನಲ್ಲಿ. ರಜೆ ಬಿಟ್ಟ ದಿನವೇ ಬಸ್ಸು ಹತ್ತಿ ಅವರಿದ್ದಲ್ಲಿಗೆ ಓಡುತ್ತಿದ್ದೆ. ಸಂಜೆ ಯಾರದೋ ಹೊಲದಲ್ಲಿ ಕುರಿ ತರುಬಿ, ಸುತ್ತ ಬಲೆ ಕಟ್ಟಿ, ಮೂರು ಕಲ್ಲಿನ ಒಲೆ ಹೂಡಿದರೆ ಅದೇ ಮನೆ. ಅವ್ವನ ಮಗ್ಗುಲಲ್ಲಿ ಕಂಬಳಿ ಹೊದ್ದು, ಚುಕ್ಕಿ ನೋಡುತ್ತಲೇ ನಿದ್ದೆ ಹೋಗುತ್ತಿದ್ದೆ. ಬಯಲಲ್ಲಿ ಮಲಗುವುದೆಂದರೆ ನನಗೆ ಹಬ್ಬವೇ. ಅಪ್ಪ ತೀರಿಕೊಂಡ ಮೇಲೆ ಕುರಿ ಮಾರಿದೆವು. ಅವ್ವ ಈಗ ದೇವದುರ್ಗದಲ್ಲಿ ತಮ್ಮನ ಮನೆಯಲ್ಲಿ ಮೊಮ್ಮಕ್ಕಳ ಮೇಲೆ ಜೋರು ಮಾಡಿಕೊಂಡು ಇದ್ದಾಳೆ. ಅವಳು ನಡೆದಷ್ಟು ನೆಲ ನಮ್ಮಲ್ಲಿ ಯಾರೂ ನಡೆದಿಲ್ಲ, ಆದರೆ ಸುಮ್ಮನೆ ನೋಡಿಬರಲೆಂದು ಅವಳು ಎಲ್ಲಿಗೂ ಹೋದವಳಲ್ಲ.

ಒಂದು ಭಾನುವಾರ ಎಲ್ಲರೂ ದೇವದುರ್ಗಕ್ಕೆ ಹೋಗಿ ವಿಷಯ ಹೇಳಿದೆವು. ಅವ್ವ ಅಕ್ಕಿ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ಡೇರೇದಾಗಾ? ನಾ ಬರಂಗಿಲ್ಲ."

"ಯಾಕ ಬೇ?"

"ಬರಂಗಿಲ್ಲ ಅಂದ್ರ ಬರಂಗಿಲ್ಲ. ಬೇಕಾದ್ರ ನನ್ನ ಕಂಬಳಿ ಒಯ್ರಿ."

ಡೇರೆ ಹಾಕುವ ಜಾಗ ಆಗಲೇ ಹಿಡಿದಾಗಿದೆ, ಮುಂಗಡವನ್ನೂ ಕೊಟ್ಟಾಗಿದೆ ಎಂದು ನಮ್ಮ ಮನೆಯವರು ಮೆಲ್ಲಗೆ ಹೇಳಿದರು. ಅವ್ವನ ಕೈಯಲ್ಲಿದ್ದ ಮೊರ ನಿಂತಿತು.

"ಯಾರಿಗೆ ಕೊಟ್ರಿ ರೊಕ್ಕಾ?"

"ಜಾಗದವ್ರಿಗೆ, ಅತ್ತಿ."

"ಬಯಲಾಗ ಮಲಗಾಕ ಜಾಗದವ್ರು ನಿಮಗ ಕೊಡಬೇಕೋ, ನೀವು ಅವರಿಗೋ? ಅಳಿಯಂದ್ರಿಗೆ ಯಾರೋ ಛಲೋ ಟೋಪಿ ಹಾಕ್ಯಾರ!"

ಅವಳ ಲೆಕ್ಕದಲ್ಲಿ ಅದು ಸರಿಯೇ. ಕುರಿ ತರುಬಿದ ಹೊಲಕ್ಕೆ ಬೆಳಗಾಗುವುದರೊಳಗೆ ಹಿಕ್ಕಿ ಗೊಬ್ಬರ ಬೀಳುತ್ತದೆ. ಅದಕ್ಕೆ ಹೊಲದವರೇ ಕುರಿಯವರಿಗೆ ಜೋಳ ಅಳೆದು ಕೊಡುವುದು ನಮ್ಮ ಕಡೆಯ ರೂಢಿ. ಮಲಗಿದ್ದಕ್ಕೆ ಕಾಳು ತಂದವಳಿಗೆ ಮಲಗುವುದಕ್ಕೆ ರೊಕ್ಕ ಕೊಡುವ ಮಾತು ತಲೆಗೆ ಹೋಗಲೇ ಇಲ್ಲ. "ಆ ಮನಷ್ಯಾಗ ಫೋನ್ ಹಚ್ರಿ, ನಾ ಕೇಳ್ತೀನಿ" ಎಂದು ಕೈ ಚಾಚಿದಳು. ಇವರು ನಗುತ್ತ ಹಚ್ಚಿಯೇ ಬಿಟ್ಟರು. ನಾವು ಬಂದು ಮಲಗಿದರೆ ಜೋಳ ಕೊಡುತ್ತೀರೋ ಇಲ್ಲವೋ ಎಂದು, ಸಂತೆಯಲ್ಲಿ ಕಲಿತ ತನ್ನ ಹಿಂದಿಯಲ್ಲಿ ಅವ್ವ ಜೋರಾಗಿ ಕೇಳಿದಳು: "ಹಮೇ ಆಕೋ ಸೋಯೇ ತೋ ಜ್ವಾರಿ ದೇತೇ ಕೀ ನೈ?"

ಆ ಕಡೆಯವನು ಊಟಕ್ಕೆ ಜೋಳ ಕೇಳುತ್ತಿದ್ದಾಳೆಂದುಕೊಂಡು, "ಮಾಜೀ, ಜ್ವಾರ್ ನಹೀ, ರಾಜ್ಮಾ ಚಾವಲ್ ಹೈ" ಎಂದ ಬಹಳ ಮರ್ಯಾದೆಯಿಂದ. ಮಗಳು ನಕ್ಕು ನಕ್ಕು ನೆಲಕ್ಕೆ ಉರುಳಿದಳು. ಅವ್ವ ಫೋನು ಕೆಳಗಿಟ್ಟು, ಮೊರ ಎತ್ತಿಕೊಂಡು ಒಳಗೆ ಹೋದಳು. "ಮಂದಿ ಹೋಗಾಕ ಬಾಯಿ ಬಾಯಿ ಬಿಡ್ತಾರ, ನಿನಗ್ಯಾಕ ಇಷ್ಟು ಹಟ?" ಎಂದು ನಾನು ಬಾಗಿಲಲ್ಲೇ ನಿಂತು ಕೂಗಾಡಿದೆ. ಒಳಗೆ ಅವಳು ಮತ್ತೆ ಅಕ್ಕಿ ಕೇರತೊಡಗಿದಳು.

ಮುಂದಿನ ವಾರ ಅವಳಾಗಿಯೇ ರಾಯಚೂರಿಗೆ ಬಂದಳು. ನಾವು ಅಷ್ಟು ದೂರ ಹೋಗುವ ಮುಂಚೆ ನೀರಮಾನ್ವಿಯ ಎಲ್ಲಮ್ಮನಿಗೆ ಕಾಯಿ ಒಡೆಸಬೇಕಂತೆ. ಮಾನ್ವಿಯಲ್ಲಿರುವ ನನ್ನ ಮೈದುನನ ಮನೆಯಿಂದ ಕಾರಿನ ಮೇಲೆ ಸಾಮಾನು ಕಟ್ಟುವ ಕ್ಯಾರಿಯರ್ ತರುವುದೂ ಇತ್ತು. ಎರಡೂ ಕೆಲಸ ಮುಗಿಸಿ ನಾಲ್ವರೂ ವಾಪಸು ಬರುವಾಗ, ಕೊಯ್ಲಾದ ಗದ್ದೆಯೊಂದನ್ನು ಕಂಡು ಅವ್ವ ಕಾರು ನಿಲ್ಲಿಸು ಎಂದಳು. ಇಳಿದು ರಸ್ತೆಯ ಬದಿಯಲ್ಲಿ ನಿಂತಳು. ನಾನೂ ಇಳಿದೆ.

"ಇದ ಗದ್ದಿ" ಎಂದಳು. "ನೀ ಹಾಸ್ಟೆಲಿನಾಗಿದ್ದಾಗ ಒಮ್ಮಿ ಇಲ್ಲೇ ಕುರಿ ತರುಬಿದ್ವಿ. ಸಂಜಿಗೆ ಗದ್ದಿಯವರ ಪೈಕಿ ಅಣ್ಣ ಹೂಂ ಅಂದು ಜ್ವಾಳ ಕೊಟ್ಟಿದ್ದ. ಇನ್ನಾ ಬೆಳಕ ಹರದಿದ್ದಿಲ್ಲ, ಅವನ ತಮ್ಮ ಬಂದು, ಯಾರನ್ನ ಕೇಳಿ ಇಳದೀರಿ, ಏಳ್ರಿ ಅಂತ ಅಂಬಲಿ ಗಡಿಗಿ ಒದ್ದ. ನಿನ್ನ ತಮ್ಮಗ ಮೈ ಸುಡಾಕತ್ತಿತ್ತು. ಹಂಗ ಬಗಲಾಗ ಹಾಕ್ಕೊಂಡು ನಡದ್ವಿ."

"ನನಗ ಯಾವಾಗೂ ಹೇಳಿಲ್ಲಲ್ಲ ಯವ್ವಾ."

"ರಜಾಕ್ಕ ಬಂದ ಕೂಸಿಗೆ ಏನ್ ಹೇಳೂದು? ಜ್ವಾಳ ಕೊಟ್ರೂ ನೆಲಾ ಅವರದ. ಏಳು ಅಂದ್ರ ಏಳಬೇಕು. ನೀ ಚುಕ್ಕಿ ನೋಡಕೋಂತ ಮಲಗತಿದ್ದಿ, ನಾ ಯಾರು ಬರತಾರೋ ಅಂತ ದಾರಿ ನೋಡತಿದ್ದೆ. ಬಯಲಾಗ ಒಂದ ದಿನಾನೂ ನಾ ಕಣ್ತುಂಬ ನಿದ್ದಿ ಮಾಡಿಲ್ಲ."

ಅವಳ ಮಗ್ಗುಲಲ್ಲೇ, ಅದೇ ಕಂಬಳಿಯೊಳಗೆ ಮಲಗಿದ್ದವಳು ನಾನು. ಅವಳು ಎಚ್ಚರವಿರುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಅವಳ ಕಾವಲಿನಲ್ಲಿ ನಿದ್ದೆ ಮಾಡಿ, ಆ ನಿದ್ದೆಯ ರುಚಿಯನ್ನೇ ಅವಳಿಗೆ ತೋರಿಸಲು ಹೊರಟಿದ್ದೆ.

ಕಾರಿನಲ್ಲಿ ಕೂತ ಕೂಡಲೇ, "ಡೇರೆ ಬ್ಯಾಡ, ಎಲ್ಲಾ ಕಡೆ ಲಾಡ್ಜಿನಾಗ ಇರೂಣು" ಎಂದೆ. ಇವರು ಆಯಿತು ಎಂದರು. ಮಗಳ ಮುಖ ಸಣ್ಣದಾಯಿತು, ಆದರೂ ಅಜ್ಜಿಯ ಕೈ ಹಿಡಿದುಕೊಂಡಳು. ರಾಯಚೂರಿನ ಅಕ್ಕಿ ಗಿರಣಿಗಳು ಕಾಣಿಸತೊಡಗಿದವು. ಆಮೇಲೆ ಅವ್ವ ಹಿಂದಿನ ಸೀಟಿನಿಂದ ಕೇಳಿದಳು.

"ಅಳಿಯಂದ್ರ, ರೊಕ್ಕಾ ಪೂರಾ ಕೊಟ್ಟೀರೇನು?"

"ಇಲ್ರೀ ಅತ್ತಿ, ಅಡ್ವಾನ್ಸ್ ಅಷ್ಟ. ಬಿಡ್ರಿ, ಹೋದ್ರ ಹೋತು."

"ಅದಲ್ಲ. ಪೂರಾ ಕೊಟ್ಟಮ್ಯಾಲ ಯಾರೂ ಬಂದು ಏಳ್ರಿ ಅನ್ನಂಗಿಲ್ಲೇನು?"

ಇವರು ಕಾರು ನಿಧಾನ ಮಾಡಿದರು. "ಅನ್ನಂಗಿಲ್ರಿ."

"ನೆಲದ ಮಾಲಕ ಬಂದ್ರೂ?"

"ಮಾಲಕ ಬಂದ್ರ ಚಹಾ ತಂದು ಕೊಡ್ತಾನ, ಅಜ್ಜಿ" ಎಂದಳು ಮಗಳು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾರ ಪೂರಾ ಕೊಟ್ಟುಬಿಡ್ರಿ, ಒಂದ್ ಪೈಸಾನೂ ಉಳಸಬ್ಯಾಡ್ರಿ. ನಾ ಬರತೀನಿ. ಹೊತ್ತು ನೆತ್ತಿಮ್ಯಾಲ ಬರೂಮಟ ಮಲಗತೀನಿ. ಅಂವ ಚಹಾ ತಂದ್ರೂ ಏಳಂಗಿಲ್ಲ."