ಹಲ್ಲಿನ ಡಾಕ್ಟರ ಗೋಡೆಯ ಕಾಡು

ನಮ್ಮ ಡ್ರಾಯಿಂಗ್ ಮೇಷ್ಟ್ರು ರಿಟೈರಾದ ಮೇಲೆ ಬರೀ ಕಾಡಿನ ಮರಗಳನ್ನೇ ಬರೆಯುತ್ತಿದ್ದರು. ಬೆಳಗಿಡೀ ಕಿಗ್ಗದ ಕಾಡಿನಲ್ಲಿ ಸುಮ್ಮನೆ ಕೂತು ಬಂದು, ಕ್ಯಾನ್ವಾಸಿನ ಮೇಲೆ ಹಸಿರು, ಕಂದು ಬಣ್ಣಗಳನ್ನು ಅಗಲವಾಗಿ ಎಳೆಯುವರು. ಕೊಂಬೆಯಾಗಲಿ ಎಲೆಯಾಗಲಿ ಕಾಣುತ್ತಿರಲಿಲ್ಲ. ಯಾವ ಮರವೆಂದು ಕೇಳಿದರೆ ಕನ್ನಡಕವನ್ನು ಹಣೆಗೇರಿಸಿ, "ಮರ ಅಲ್ಲ ಮಾರಾಯ, ಮರದ ಬುಡದಲ್ಲಿ ಸಿಗೋ ಸಮಾಧಾನ" ಎನ್ನುತ್ತಿದ್ದರು.

ರೋಗಿಗಳ ಹೆದರಿಕೆ ಇಳಿಯಲೆಂದು ಕೊಪ್ಪದ ಹಲ್ಲಿನ ಡಾಕ್ಟರು ಅಂಥದೊಂದು ಚಿತ್ರವನ್ನು ಕ್ಲಿನಿಕ್ಕಿನ ಗೋಡೆಗೆ ಹಾಕಿದ್ದರು. ಒಮ್ಮೆ ಮೇಷ್ಟ್ರ ದವಡೆಯೇ ಊದಿಕೊಂಡಾಗ ನಾನು ಅವರನ್ನು ಅಲ್ಲಿಗೆ ಕರೆದೊಯ್ದೆ. ಸಿಕ್ಕ ಕುರ್ಚಿ ಅವರದೇ ಚಿತ್ರದ ಎದುರಿಗಿತ್ತು. ಒಳಗಿನಿಂದ ಯಂತ್ರದ ಸದ್ದು ಬಂದಾಗಲೆಲ್ಲ ಮೇಷ್ಟ್ರು ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಮೇಗುಂದದ ಅಜ್ಜಿಗೆ ಚಿತ್ರ ಬರೆದವರು ಇವರೇ ಎಂದು ಗೊತ್ತಿರಲಿಲ್ಲ. "ಅದು ಎಂತದು ಮಾರಾಯ್ರೆ?" ಎಂದು ಗೋಡೆಯತ್ತ ಕೈ ತೋರಿಸಿದರು.

ಮೇಷ್ಟ್ರು ಕೆನ್ನೆ ಒತ್ತಿಕೊಂಡೇ, "ಹಲಸಿನ ಮರ!" ಎಂದು ರೇಗಿದರು.

"ಛೆ, ಹಲಸಾ?" ಅಜ್ಜಿಯ ಮುಖ ಸಣ್ಣದಾಯಿತು. "ನೋಡ್ತಾ ನೋಡ್ತಾ ಗುಡ್ಡದ ಮೇಲೆ ಗಾಳಿಗೆ ಕೂತಂಗೆ ಆಗಿ, ನಂಗೆ ಹಲ್ಲುನೋವೇ ಮರ್ತೋಗಿತ್ತು. ನೀವು ಹೇಳಿ ಹಾಳು ಮಾಡಿದ್ರಿ."

ಮೇಷ್ಟ್ರು ಕೆನ್ನೆಯಿಂದ ಕೈ ತೆಗೆದರು. "ಇಲ್ಲ ಅಜ್ಜಿ, ಸುಳ್ಳು ಹೇಳ್ದೆ. ನಿಮಗೆ ಅನ್ಸಿದ್ದೇ ಸರಿ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮೇಷ್ಟ್ರು ಬಹಳ ಉದಾರವಾಗಿ ತಮ್ಮ ಸರದಿಯನ್ನು ಅಜ್ಜಿಗೆ ಬಿಟ್ಟುಕೊಟ್ಟರು.

ಅಜ್ಜಿ ಚಿತ್ರದಿಂದ ಕಣ್ಣು ಕೀಳದೆ, "ನೀವೇ ಹೋಗಿ, ನಂಗೆ ಇಲ್ಲೇ ಹಿತ ಆಗ್ತಿದೆ" ಎಂದರು.